ಬೇಗ ಹಣ್ಣಾಗುವ ಟೊಮೆಟೊ ನಮಗೇಕೆ ಬೇಕು?

ಮಲೆನಾಡಿನಲ್ಲಿ ಟೊಮೆಟೊ ಆಗುವುದಿಲ್ಲವೆಂಬ ಮಾತನ್ನು ಇಲ್ಲಿನ ಕೃಷಿಕರೇ ಒಪ್ಪಿಕೊಂಡುಬಿಟ್ಟಂತಿದೆ. ಬಯಲುಸೀಮೆಗಾಗಿ ರೂಪಿಸಿದ ತಳಿಗಳು ನಮ್ಮ ಋತುವಿನೊಳಗೆ ಮುಗಿಯುವುದಿಲ್ಲ ಎನ್ನುವುದೇ ಹೆಚ್ಚು ಸರಿಯಾದ ಮಾತು. ಈ ವ್ಯತ್ಯಾಸವನ್ನು ಗಮನಿಸದೆ ನಾವು ಪೊಟ್ಟಣದ ಮೇಲಿನ ದಪ್ಪ ಹಣ್ಣಿನ ಚಿತ್ರವನ್ನು ನಂಬಿ ಬಿತ್ತುತ್ತೇವೆ, ರೋಗ ಬಂದೊಡನೆ ಔಷಧದಂಗಡಿಗೆ ಓಡುತ್ತೇವೆ. ಸಿಂಪಡಿಸಿದ ವಿಷ ಇಳಿದು ಸೇರುವುದು ನಾವೇ ಕುಡಿಯುವ ಹಳ್ಳಕ್ಕೆ.

ನಮಗೆ ದೊರೆಯುವ ಕಾಲವಾದರೂ ಎಷ್ಟು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡದ ಎಲೆ ಒಣಗುವುದೇ ಅಪರೂಪ. ಒದ್ದೆ ಎಲೆಗೆ ತಂಪು ಸೇರಿದರೆ ಅಂಗಮಾರಿ ಕಟ್ಟಿಟ್ಟ ಬುತ್ತಿ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗಾಣು. ಚಿತ್ತಾ ಮಳೆಯ ಹೊತ್ತಿಗೆ ಮರೆಯಲ್ಲಿ ಸಸಿಮಡಿ ಮಾಡಿ ನವೆಂಬರ್ ನಡುವಿನಲ್ಲಿ ನಾಟಿ ಮಾಡಿದರೆ, ಹಳ್ಳದ ನೀರು ಸೊರಗುವ ಫೆಬ್ರವರಿ ಕೊನೆಯವರೆಗೆ ಉಳಿಯುವುದು ನೂರು ಚಿಲ್ಲರೆ ದಿನ. ಅದರಲ್ಲಿಯೂ ಮಾಗಿಯ ಚಳಿ ತನ್ನ ಪಾಲು ಕೇಳುತ್ತದೆ. ರಾತ್ರಿಯ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪರಾಗ ಬಲಿಯದೆ ಹೂವು ಉದುರುತ್ತದೆ. ಬೆಚ್ಚಗಿನ ಹವೆಯಲ್ಲಿ ಹೂವು ಹಣ್ಣಾಗಲು ಒಂದೂವರೆ ತಿಂಗಳು ಸಾಕು. ಚಳಿಯಲ್ಲಿ ಅದು ಇನ್ನೂ ಹಿಗ್ಗುತ್ತದೆ.

ನಾಟಿಯಾಗಿ 80 ದಿನಗಳಿಗೆ ಮೊದಲ ಹಣ್ಣು ಕೊಡುವ ತಳಿಯು ಕೊಯ್ಲಿಗೆ ಬರುವಾಗ ನೀರು ತೀರುತ್ತಿರುತ್ತದೆ. 55ರಿಂದ 65 ದಿನಗಳ ತಳಿಯಾದರೆ ಸಂಕ್ರಾಂತಿಯ ಆಸುಪಾಸಿನಿಂದ ಒಂದು ತಿಂಗಳಾದರೂ ಕೊಯ್ಯಬಹುದು. ಆದರೆ ಪೊಟ್ಟಣದ ಮೇಲಿನ ದಿನಗಳನ್ನು ಬಿತ್ತನೆಯಿಂದ ಎಣಿಸಿದ್ದಾರೆಯೋ ನಾಟಿಯಿಂದಲೋ ಎಂದು ಕೇಳಿಯೇ ಕೊಳ್ಳಬೇಕು. ಎರಡರ ನಡುವೆ ಸುಮಾರು ಒಂದು ತಿಂಗಳ ಅಂತರವಿದೆ. ಕುಳ್ಳಗೆ ಪೊದೆಯಾಗಿ ನಿಂತು ಒಟ್ಟಿಗೆ ಕಾಯಿಬಿಡುವ ತಳಿಗಳು ಸಾಮಾನ್ಯವಾಗಿ ಬೇಗ ಹಣ್ಣಾಗುತ್ತವೆ. ಬಳ್ಳಿಯಂತೆ ಬೆಳೆಯುತ್ತಲೇ ಹೋಗುವವು ಹೆಚ್ಚಾಗಿ ನಿಧಾನ.

ಬೇಗ ಬರುವ ತಳಿಯ ಹಣ್ಣು ಸಣ್ಣದು, ಒಟ್ಟು ಇಳುವರಿಯೂ ಕಡಿಮೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೋಲಾರದ ಮಾರುಕಟ್ಟೆಯೊಡನೆ ಸ್ಪರ್ಧಿಸುವವರಿಗೆ ಇದು ಹೇಳಿದ್ದಲ್ಲ. ಮನೆಯ ಸಾರಿಗೂ ಊರ ಸಂತೆಗೂ ಸಾಲುವಷ್ಟನ್ನು ವಿಷವಿಲ್ಲದೆ ಬೆಳೆಯಬೇಕೆನ್ನುವವರಿಗೆ ಕೈಗೆ ಬಾರದ ಹೆಚ್ಚಿನ ಇಳುವರಿಯಿಂದ ಏನು ಪ್ರಯೋಜನ?

ತಂಪುಪ್ರದೇಶಕ್ಕೆ ಬೇಕಾದ ತಳಿಯನ್ನು ಸಾರ್ವಜನಿಕ ಸಂಸ್ಥೆಗಳೇ ರೂಪಿಸಿದ ನಿದರ್ಶನಗಳಿವೆ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಯಾಗೆಟ್ 1980ರ ದಶಕದಲ್ಲಿ ಹೊರತಂದ ‘ಓರೆಗಾನ್ ಸ್ಪ್ರಿಂಗ್’ ತಳಿಯು ಚಳಿಯಲ್ಲಿ ಪರಾಗ ಕೈಕೊಟ್ಟರೂ ಕಾಯಿಕಟ್ಟುತ್ತದೆ. ಆ ಬೀಜವನ್ನು ಇಲ್ಲಿಗೆ ತರಿಸಬೇಕೆಂದು ನಾನು ಹೇಳುತ್ತಿಲ್ಲ. ಅಂತಹ ಕೆಲಸವನ್ನು ನಮ್ಮ ಸಂಸ್ಥೆಗಳಿಂದಲೂ ಕೇಳುವ ಹಕ್ಕು ನಮಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಾಳಿಕೊಳ್ಳುತ್ತದೆ, ನಿಜ. ಆದರೆ ಅದು ಸುಮಾರು 140 ದಿನಗಳ ಬೆಳೆ, ಮೇಲಾಗಿ ಹೈಬ್ರಿಡ್. ಹೈಬ್ರಿಡ್ಡಿನ ಬೀಜ ತೆಗೆದಿಟ್ಟು ಬಿತ್ತಿದರೆ ತಾಯಿಯ ಗುಣ ಬರುವುದಿಲ್ಲ. ದುಂಡಾಣು ಸೊರಗುರೋಗವಿರುವ ಮಣ್ಣಿಗೆ ಅದೇ ಸಂಸ್ಥೆಯ ಅರ್ಕಾ ಆಭಾ, ಅರ್ಕಾ ಆಲೋಕ್ ಇವೆ. ಇವು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಳ್ಳಬಹುದು.

ಸಂಸ್ಥೆಗಳಿಗಾಗಿ ಕಾಯುತ್ತ ಕೂರಬೇಕಾಗಿಯೂ ಇಲ್ಲ. ಹಳೆಯ ಹುಳಿ ಟೊಮೆಟೊ, ಅಂದರೆ ನಾಟಿ ಟೊಮೆಟೊ, ಒಂದೇ ಸಾಲಿನಲ್ಲಿಯೂ ಗಿಡದಿಂದ ಗಿಡಕ್ಕೆ ಭಿನ್ನವಾಗಿರುವುದುಂಟು. ಎಲ್ಲಕ್ಕಿಂತ ಮೊದಲು ಹಣ್ಣು ಕೊಟ್ಟ, ಎಲೆ ಸುಡದ ಗಿಡಕ್ಕೆ ಬಣ್ಣದ ದಾರ ಕಟ್ಟಿ. ಆರಿಸಬೇಕಾದದ್ದು ಗಿಡವನ್ನೇ ಹೊರತು ಹಣ್ಣನ್ನಲ್ಲ, ಏಕೆಂದರೆ ಒಂದೇ ಗಿಡದ ಮೊದಲ ಹಣ್ಣಿಗೂ ಕೊನೆಯ ಹಣ್ಣಿಗೂ ವಂಶಗುಣ ಒಂದೇ. ತಿರುಳನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿದ ಬೀಜ ತೇವ ತಾಗದಿದ್ದರೆ ಮೂರು ನಾಲ್ಕು ವರ್ಷ ಬಾಳುತ್ತದೆ. ಬೀಜ ಉಳಿಸುವ, ಹಂಚುವ, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಕೊಟ್ಟಿದೆ.

ವಿದ್ಯಾರ್ಥಿ ಮಿತ್ರರು ತಮ್ಮ ಹಿತ್ತಲಿನ ನಾಟಿಯ ದಿನ, ಮೊದಲ ಹೂವಿನ ದಿನ, ಮೊದಲ ಹಣ್ಣಿನ ದಿನ, ಹಾಗೂ ಆ ರಾತ್ರಿಗಳ ಚಳಿಯನ್ನು ಬರೆದಿಡಲಿ. ಹತ್ತು ಹಳ್ಳಿಗಳ ಇಂತಹ ಪಟ್ಟಿ ಕೈಯಲ್ಲಿದ್ದರೆ, ತೋಟಗಾರಿಕಾ ಇಲಾಖೆಯ ಮುಂದೆ ಬೆಟ್ಟಕ್ಕೊಪ್ಪುವ ತಳಿ ಕೇಳಲು ಹೋಗುವಾಗ ನಾವು ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.