ಬೈಕ್‌ಗೆ ಲೈಸೆನ್ಸ್ ಬೇಕು, ಬೋಟ್‌ಗೆ ಬೇಡವೇ?

ಹದಿನೆಂಟು ತುಂಬಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕುವುದು. ಇಬ್ಬರು ಕೂರುವ ಬೈಕ್ ಓಡಿಸಲೂ ಪರೀಕ್ಷೆ ಬರೆಯಬೇಕು, ಇನ್‌ಸ್ಪೆಕ್ಟರ್ ಎದುರು ‘ಎಂಟು’ ಹಾಕಿ ತೋರಿಸಬೇಕು. ಆದರೆ ಇಪ್ಪತ್ತು ಮಂದಿಯನ್ನು ಕೂರಿಸಿಕೊಂಡು ಆಳದ ನೀರಿಗೆ ಹೋಗುವ ಬೋಟ್ ಚಾಲಕನ ಬಳಿ ಅಂಥ ಒಂದು ಪತ್ರ ಇದೆಯೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ನಾನು ಉತ್ತರ ಕನ್ನಡದ ಅಳಿವೆ ದಂಡೆಯ ಊರಿನವನು, ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿ. ನಮ್ಮ ಕಡೆ ಕಾಂಡ್ಲಾ ಕಾಡು, ಹಿನ್ನೀರು ನೋಡಲು ಬರುವ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ನನ್ನ ಜೊತೆ ಪಿಯುಸಿ ಓದಿದ ಕೆಲವರು ಇಂದು ಬೋಟ್ ಓಡಿಸಿ ಸಂಪಾದಿಸುತ್ತಿದ್ದಾರೆ. ನನ್ನ ದೊಡ್ಡಪ್ಪನ ಮಗ ಅಣ್ಣನಿಗೂ ಅದೇ ಕೆಲಸ. ಹಾಗಾಗಿ ನನಗೆ ಇದು ಪ್ರವಾಸಿಗರ ಸುರಕ್ಷತೆಯ ಪ್ರಶ್ನೆ ಮಾತ್ರವಲ್ಲ, ನಮ್ಮ ಹುಡುಗರ ಬದುಕಿನ ಪ್ರಶ್ನೆಯೂ ಹೌದು.

ದುರಂತಗಳನ್ನು ನಾವು ಬೇಗ ಮರೆಯುತ್ತೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಜೀವ ಕಳೆದುಕೊಂಡರು. ಮೀನುಗಾರಿಕೆಯ ದೋಣಿಯನ್ನೇ ಅಲ್ಲಿ ವಿಹಾರದ ಬೋಟ್ ಆಗಿ ಮಾರ್ಪಡಿಸಲಾಗಿತ್ತು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿ ಸತ್ತರು. ಒಂದು ಸಮುದ್ರ, ಒಂದು ಹಿನ್ನೀರು, ಒಂದು ಕೆರೆ. ಜಾಗ ಬೇರೆಯಾದರೂ ಮರುದಿನ ಪತ್ರಿಕೆಗಳಲ್ಲಿ ಓದಿದ್ದು ಒಂದೇ: ಮಿತಿ ಮೀರಿ ಜನ, ಎಲ್ಲರಿಗೂ ಇಲ್ಲದ ಲೈಫ್ ಜಾಕೆಟ್.

ಕಾನೂನು ಇಲ್ಲವೇ ಎಂದರೆ, ಇದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಸಂಸತ್ತು ಒಳನಾಡು ಹಡಗುಗಳ ಕಾಯ್ದೆ–2021ನ್ನು ತಂದಿದೆ. ಅದರ ಪ್ರಕಾರ ನದಿ, ಹಿನ್ನೀರುಗಳಲ್ಲಿ ಓಡುವ ಯಂತ್ರಚಾಲಿತ ನಾವೆಗೆ ನೋಂದಣಿ ಬೇಕು, ಅದು ನೀರಿಗಿಳಿಯಲು ಯೋಗ್ಯವೆಂಬ ತಪಾಸಣಾ ಪತ್ರ ಬೇಕು, ವಿಮೆ ಬೇಕು. ನಡೆಸುವವರ ಬಳಿ ಅರ್ಹತಾ ಪ್ರಮಾಣಪತ್ರ ಇರಬೇಕು. ಒಂದು ರಾಜ್ಯದಲ್ಲಿ ಮಾಡಿಸಿದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ. ಆದರೆ ಇದನ್ನೆಲ್ಲ ಜಾರಿಗೆ ತರಬೇಕಾದವರು ರಾಜ್ಯ ಸರ್ಕಾರಗಳು. ಕಾಯ್ದೆ ದೆಹಲಿಯಲ್ಲಿ ಹುಟ್ಟಿದರೂ ಅದರ ಜೀವ ಇರುವುದು ನಮ್ಮೂರಿನ ಜಟ್ಟಿಯ ಮೇಲೆ.

‘ನೀರಿನಲ್ಲೇ ಹುಟ್ಟಿ ಬೆಳೆದ ಮೀನುಗಾರರ ಮಕ್ಕಳಿಗೆ ಯಾರು ಏನು ಕಲಿಸುತ್ತಾರೆ?’ ಎಂದು ನಮ್ಮ ಹಿರಿಯರು ಕೇಳುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಭರತ ಯಾವಾಗ, ಇಳಿತ ಯಾವಾಗ, ಮಳೆಗಾಲ ಕಳೆದ ಮೇಲೆ ಮರಳು ದಿಬ್ಬ ಎಲ್ಲಿಗೆ ಸರಿದಿದೆ ಎಂಬುದನ್ನು ಅಣ್ಣ ನೀರಿನ ಬಣ್ಣ ನೋಡಿಯೇ ಹೇಳುತ್ತಾನೆ. ಯಾವ ಪುಸ್ತಕವೂ ಅದನ್ನು ಕಲಿಸದು. ಆದರೆ ಬಲೆ ಹಿಡಿದ ನಾಲ್ವರು ಅನುಭವಿಗಳನ್ನು ಕರೆದೊಯ್ಯುವುದು ಬೇರೆ, ಈಜು ಬಾರದ ಇಪ್ಪತ್ತು ಅಪರಿಚಿತರನ್ನು ಕರೆದೊಯ್ಯುವುದು ಬೇರೆ. ಸೆಲ್ಫಿಗಾಗಿ ಎಲ್ಲರೂ ಒಂದೇ ಬದಿಗೆ ಬಂದರೆ ಬೋಟ್ ವಾಲುತ್ತದೆ. ಬಿದ್ದವರ ಕಡೆಗೆ ಬೋಟ್ ತಿರುಗಿಸುವಾಗ ಪ್ರೊಪೆಲರ್ ಅವರಿಗೆ ತಾಗಬಾರದು. ನೀರು ಕುಡಿದವರಿಗೆ ಉಸಿರು ಕೊಡುವುದು ಹೇಗೆಂದು ತಿಳಿದಿರಬೇಕು. ಇವು ಕಲಿತೇ ಬರಬೇಕಾದ ವಿದ್ಯೆಗಳು.

ಪ್ರಮಾಣಪತ್ರದಿಂದ ಇನ್ನೊಂದು ದೊಡ್ಡ ಲಾಭವಿದೆ: ಅದು ‘ಇಲ್ಲ’ ಎನ್ನುವ ಧೈರ್ಯ ಕೊಡುತ್ತದೆ. ರಜೆಯ ದಿನ ಸಂಜೆ ದಂಡೆಯ ಮೇಲೆ ಜನ ಕಾಯುತ್ತಿರುವಾಗ ‘ಇನ್ನೂ ನಾಲ್ಕು ಜನ ಹತ್ತಲಿ’ ಎಂದು ಮಾಲೀಕರು ಹೇಳಿದರೆ ದಿನಗೂಲಿ ಹುಡುಗ ಏನು ಮಾಡಬೇಕು? ಬೇಡ ಎಂದರೆ ನಾಳೆ ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ. ಅದೇ ಬಸ್ ಚಾಲಕ ‘ನನ್ನ ಲೈಸೆನ್ಸ್ ಹೋಗುತ್ತದೆ ಸ್ವಾಮಿ’ ಎಂದು ಹೇಳಬಲ್ಲ. ಕಳೆದುಕೊಳ್ಳಲು ಲೈಸೆನ್ಸೇ ಇಲ್ಲದವನಿಗೆ ಆ ಮಾತೂ ಇಲ್ಲ. ಅನಾಹುತವಾದರೆ ಮಾತ್ರ ಎಫ್‌ಐಆರ್‌ನಲ್ಲಿ ಅವನ ಹೆಸರು ತಪ್ಪುವುದಿಲ್ಲ.

ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ? ಅಮೆರಿಕದಲ್ಲಿ ಸ್ವಂತ ಮೋಜಿಗೆ ಬೋಟ್ ಓಡಿಸುವವರ ಅರ್ಹತೆಯನ್ನು ಆಯಾ ರಾಜ್ಯಗಳೇ ನಿರ್ಧರಿಸುತ್ತವೆ. ಕ್ಯಾಲಿಫೋರ್ನಿಯಾ 2018ರಲ್ಲಿ 20 ವರ್ಷದೊಳಗಿನವರಿಂದ ಶುರು ಮಾಡಿ ವರ್ಷಕ್ಕೊಂದಿಷ್ಟು ವಯಸ್ಸಿನವರನ್ನು ಸೇರಿಸುತ್ತಾ ಬಂತು. 2025ರಿಂದ ಅಲ್ಲಿ ಮೋಟಾರು ಬೋಟ್ ಓಡಿಸುವ ಎಲ್ಲ ವಯಸ್ಸಿನವರಿಗೂ ಸುರಕ್ಷತಾ ಕಾರ್ಡ್ ಕಡ್ಡಾಯ. ಒಮ್ಮೆಲೇ ಎಲ್ಲರ ಮೇಲೆ ಹೇರದೆ, ಕಲಿಯಲು ಸಮಯ ಕೊಟ್ಟು ನಿಯಮ ಬಿಗಿ ಮಾಡಿದ ಈ ಕ್ರಮ ನಮಗೂ ಒಗ್ಗುತ್ತದೆ.

ನಮ್ಮಲ್ಲಿ ತೊಡಕು ಇರುವುದು ಕಲಿಯುವ ದಾರಿಯಲ್ಲಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಗೋವಾದಲ್ಲಿದೆ. ಪವರ್ ಬೋಟ್ ನಡೆಸುವುದು, ಜೀವರಕ್ಷಣೆ ಎರಡಕ್ಕೂ ಅಲ್ಲಿ ತರಬೇತಿ ಇದೆ. ಕೆಲಸ ಹುಡುಕುವ ಗೆಳೆಯರು ಇದನ್ನು ಗಮನಿಸಬೇಕು. ಆದರೆ ದಿನಗೂಲಿ ಬಿಟ್ಟು, ಶುಲ್ಕ ಕಟ್ಟಿ, ಪರಊರಿನಲ್ಲಿ ಉಳಿದು ಕಲಿಯುವುದು ಎಷ್ಟು ಮಂದಿಗೆ ಸಾಧ್ಯ? 2016ರ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗ ಎಂದು ಕರೆದಿದೆ. ನಮ್ಮ ಕಾಳಿ, ಶರಾವತಿ, ನೇತ್ರಾವತಿಗಳೂ ಆ ಪಟ್ಟಿಯಲ್ಲಿವೆ. ಜಲಮಾರ್ಗ ಇಲ್ಲಿದ್ದ ಮೇಲೆ ತರಬೇತಿಯೂ ಇಲ್ಲೇ ಸಿಗಬೇಕಲ್ಲವೇ?

ಸರ್ಕಾರ ಮಾಡಬೇಕಾದದ್ದು ಅಸಾಧ್ಯವೇನಲ್ಲ. ಕರಾವಳಿಯ ಮತ್ತು ಜಲಾಶಯಗಳಿರುವ ತಾಲ್ಲೂಕುಗಳಲ್ಲಿ ಮಳೆಗಾಲದ ಬಿಡುವಿನಲ್ಲಿ ತರಬೇತಿ ಶಿಬಿರ ನಡೆಸಲಿ. ಪರೀಕ್ಷೆ ಕನ್ನಡದಲ್ಲಿರಲಿ, ಓದು ಬಾರದ ಅನುಭವಿಗೆ ಬಾಯಿ ಮಾತಿನ ಪರೀಕ್ಷೆ ಇರಲಿ. ಶುಲ್ಕದ ಪಾಲನ್ನು ಬೋಟ್ ಮಾಲೀಕರೂ ಹೊರಲಿ. ಎಷ್ಟು ಜನ ಹತ್ತಬಹುದು, ಚಾಲಕನ ಪ್ರಮಾಣಪತ್ರದ ಸಂಖ್ಯೆ ಏನು ಎಂಬ ಫಲಕ ಟಿಕೆಟ್ ಕೊಡುವಲ್ಲೇ ಕಾಣುವಂತಿರಲಿ.

ಕಾಲೇಜು ಪ್ರವಾಸಕ್ಕೆ ಹೊರಡುವ ನಮಗೂ ಜವಾಬ್ದಾರಿ ಇದೆ. ಮುಂದಿನ ಸಲ ಬೋಟ್ ಹತ್ತುವ ಮುನ್ನ ಮೂರು ಮಾತು ಕೇಳೋಣ: ಇದರಲ್ಲಿ ಎಷ್ಟು ಜನ ಹತ್ತಬಹುದು? ಎಲ್ಲರಿಗೂ ಜಾಕೆಟ್ ಇದೆಯೇ? ನಿಮ್ಮ ಬಳಿ ಪ್ರಮಾಣಪತ್ರ ಇದೆಯೇ? ಕೇಳಿದರೆ ಚಾಲಕನಿಗೆ ಅವಮಾನವಾಗುತ್ತದೆ ಎಂಬ ಸಂಕೋಚ ಬೇಡ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಮಾಲೀಕರೇ ಹುಡುಗರನ್ನು ತರಬೇತಿಗೆ ಕಳುಹಿಸುತ್ತಾರೆ.