ಫ್ರಿಜ್ಜಿನಿಂದ ಬಂದ ಚಿಟ್ಟೆ

"ಮ್ಯಾಕ್ರೋ ಲೆನ್ಸ್ ತಗೋಬೇಕು, 60 ಎಂ.ಎಂ. ಸಾಕಲ್ವಾ? ಸ್ವಲ್ಪ ಕಮ್ಮಿಗೆ ಸಿಗುತ್ತೆ" ಅಂತ ಇಲ್ಲಿ ಮುಂಬಯಿಯಲ್ಲಿ ಕೇಳುವವರು ಬಹಳ. ನಾನು ತಿರುಗಿ ಕೇಳೋದು ಒಂದೇ. ನಿಮಗೆ ಬೇಕಾದ್ದು ನಾಣ್ಯ, ಉಂಗುರ, ಅಂಚೆಚೀಟಿಯ ಫೋಟೋನಾ, ಇಲ್ಲಾ ಜೀವ ಇರೋ ಹುಳದ್ದಾ? ನಾಣ್ಯವಾದರೆ ಧಾರಾಳವಾಗಿ ತಗೊಳ್ಳಿ. ಹುಳವಾದರೆ ಬೇಡ ಮಾರಾಯ್ರೆ.

ಲೆನ್ಸಿನ ವಿವರದಲ್ಲಿ ಕನಿಷ್ಠ ಫೋಕಸ್ ದೂರ ಅಂತ ಕೊಟ್ಟಿರುತ್ತಾರಲ್ಲ, ಅದನ್ನು ಅಳೆಯೋದು ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ, ಲೆನ್ಸಿನ ಮೂತಿಯಿಂದಲ್ಲ. ಕ್ಯಾನನ್‌ನ ಇಎಫ್-ಎಸ್ 60ಕ್ಕೆ ಅದು 20 ಸೆಂ.ಮೀ. ಲೆನ್ಸಿನ ಉದ್ದ, ಕ್ಯಾಮೆರಾದ ದಪ್ಪ ಎಲ್ಲ ಕಳೆದರೆ ಹುಳಕ್ಕೂ ಗಾಜಿಗೂ ನಡುವೆ ಉಳಿಯೋದು 9 ಸೆಂ.ಮೀ. ಆಸುಪಾಸು. ನಿಕಾನ್‌ನ 40 ಎಂ.ಎಂ.ಗಂತೂ ಮೂರೂವರೆ ಸೆಂ.ಮೀ., ಅಂದರೆ ಎರಡು ಬೆರಳಗಲ! ಅದೇ 100 ಎಂ.ಎಂ.ಗೆ ಹದಿನೈದರ ಹತ್ತಿರ, 180ಕ್ಕೆ ಒಂದು ಗೇಣಿಗೂ ಮೇಲೆ. ಇದೆಲ್ಲ 1:1ರ ಲೆಕ್ಕ, ಅಂದರೆ ಒಂದು ಸೆಂ.ಮೀ. ಹುಳ ಸೆನ್ಸರ್ ಮೇಲೂ ಒಂದು ಸೆಂ.ಮೀ. ಆಗಿ ಬೀಳುವಾಗ.

ಎರಡು ಬೆರಳಗಲದಲ್ಲಿ ಯಾವ ಚಿಟ್ಟೆ ಕೂತಿರುತ್ತೆ ಹೇಳಿ? ಹಾರಿಹೋಗುತ್ತೆ. ಫ್ಲ್ಯಾಶ್ ಬೆಳಕಿಗೂ ಜಾಗ ಇರೋದಿಲ್ಲ, ಲೆನ್ಸಿನ ನೆರಳೇ ಅದರ ಮೇಲೆ. ಆಮೇಲೆ ಶುರುವಾಗುತ್ತೆ ಅಸಲಿ ಕಥೆ. ಹುಳವನ್ನು ಡಬ್ಬಿಯಲ್ಲಿ ಹಿಡಿದು ತರೋದು, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸೋದು, ಎಲೆ ಮೇಲೆ ಕೂರಿಸಿ ಗ್ಲಿಸರಿನ್ ನೀರು ಚಿಮುಕಿಸಿ 'ಮುಂಜಾವಿನ ಇಬ್ಬನಿ' ಅಂತ ಹೆಸರಿಡೋದು. ಕೆಳಗೆ ನೂರು ಜನ 'ಅದ್ಭುತ ತಾಳ್ಮೆ ಸಾರ್!' ಅಂತ ಬರೆಯೋದು. ತಾಳ್ಮೆ ಯಾರದ್ದು, ಫ್ರಿಜ್ಜಿನದ್ದಾ? ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಅಲೆದ ತೇಜಸ್ವಿಯವರನ್ನು ಓದಿಕೊಂಡು ಬೆಳೆದವರು ಸ್ವಾಮಿ ನಾವು. ಬೋರಿವಲಿಯ ನ್ಯಾಷನಲ್ ಪಾರ್ಕಿನಿಂದ ಅನುಮತಿಯಿಲ್ಲದೆ ಚಿಟ್ಟೆ ಹಿಡಿದು ತರೋದು ಕಾನೂನಿಗೂ ವಿರುದ್ಧ, ಅದು ಬೇರೆ ಮಾತು.

ಅಂಗಡಿಯವರ ವಾದ ಗೊತ್ತು. "ಚಿಕ್ಕ ಲೆನ್ಸಿನಲ್ಲಿ ಡೆಪ್ತ್ ಜಾಸ್ತಿ ಬರುತ್ತೆ" ಅಂತಾರೆ. ಸುಳ್ಳು. ಹುಳ ಅಷ್ಟೇ ದೊಡ್ಡದಾಗಿ ಬೇಕು, ಅಪರ್ಚರೂ ಅದೇ ಅಂದಮೇಲೆ 60 ಆದರೂ 100 ಆದರೂ ಡೆಪ್ತ್ ಹೆಚ್ಚುಕಮ್ಮಿ ಒಂದೇ. 1:1ರಲ್ಲಿ ಎಫ್/11 ಇಟ್ಟರೂ ಸಿಗೋದು ಒಂದು ಮಿಲಿಮೀಟರ್ ಆಸುಪಾಸು. ಬದಲಾಗೋದು ನೀವು ನಿಲ್ಲುವ ದೂರ ಮಾತ್ರ.

ಲೆನ್ಸಿನ ಮೇಲೆ 'ಮ್ಯಾಕ್ರೋ' ಅಂತ ಇದ್ದ ಮಾತ್ರಕ್ಕೂ ನಂಬಬೇಡಿ. ಕ್ಯಾನನ್‌ನ ಹಳೇ 50 ಎಂ.ಎಂ. ಕಾಂಪ್ಯಾಕ್ಟ್ ಮ್ಯಾಕ್ರೋ ತಾನಾಗಿ ಕೊಡೋದು 1:2, ಅರ್ಧ ಗಾತ್ರ. ಅನುಪಾತ ಎಷ್ಟು ಅಂತ ಕೇಳಿ, ಹೆಸರು ಬಿಡಿ.

ಇನ್ನು ದುಡ್ಡಿನ ವಿಷಯ. ಈ ಊರಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟಿ ಲೆನ್ಸಿಗೆ ಎಲ್ಲಿಂದ ತರೋಣ ಅಂತೀರಿ. ನಿಜ. ಹಾಗಂತ 60ಕ್ಕೆ ಹೋಗಬೇಕಿಲ್ಲ. ಟ್ಯಾಮ್ರಾನ್ 90 ಎಂ.ಎಂ. 1990ರ ದಶಕದಿಂದಲೇ 1:1 ಕೊಡ್ತಾ ಇದೆ, ಸೆಕೆಂಡ್ ಹ್ಯಾಂಡ್ ಹುಡುಕಿ. ಆಟೋಫೋಕಸ್ ನಿಧಾನ ಅಂತ ಕೊರಗಬೇಡಿ, ಇಷ್ಟು ಹತ್ತಿರದಲ್ಲಿ ಹೇಗೂ ಮೈಯನ್ನು ಹಿಂದೆಮುಂದೆ ತೂಗಿಯೇ ಫೋಕಸ್ ಮಾಡಬೇಕು. ಅದೂ ಆಗಲ್ವಾ? ಮನೆಯಲ್ಲಿ 55-200ರ ಥರದ ಜೂಮ್ ಇದ್ದರೆ ಅದರ ಮೂತಿಗೆ ರೇನಾಕ್ಸ್ 150 ಸಿಕ್ಕಿಸಿ. 4.8 ಡಯಾಪ್ಟರ್ ಗಾಜು ಅದು. ಜೂಮ್ 200ರಲ್ಲಿಟ್ಟು ಇನ್ಫಿನಿಟಿಗೆ ಫೋಕಸ್ ಮಾಡಿದರೆ ಹೆಚ್ಚುಕಮ್ಮಿ 1:1 ಸಿಗುತ್ತೆ, ಹುಳ ಇರೋದು ಸುಮಾರು 20 ಸೆಂ.ಮೀ. ದೂರ! ಅಂಚಿನಲ್ಲಿ ಸ್ವಲ್ಪ ಮಸುಕಾಗಬಹುದು, ಆಗಲಿ. ಎಕ್ಸ್‌ಟೆನ್ಶನ್ ಟ್ಯೂಬನ್ನು ಮಾತ್ರ 50ರ ಹಿಂದೆ ಹಾಕಬೇಡಿ, ಮತ್ತೆ ಹುಳದ ಮೀಸೆಗೆ ಗಾಜು ತಾಗಿಸುವ ಗತಿ.

ತಣ್ಣಗೆ ಕೂತ ಹುಳ ಬೇಕಂದರೆ ಜನವರಿಯಲ್ಲಿ ಮೊದಲ ಲೋಕಲ್ ಹಿಡಿದು ಬೋರಿವಲಿಗೆ ಹೋಗಿ. ಬಿಸಿಲೇರುವ ತನಕ ಅವುಗಳ ರೆಕ್ಕೆ ಬೆಚ್ಚಗಾಗಿರೋದಿಲ್ಲ, ಕೂತಲ್ಲೇ ಕೂತಿರುತ್ತವೆ. ಇಬ್ಬನಿಯೂ ಪುಕ್ಕಟೆ.

ಇಲ್ಲ, ನಮಗೆ ಫ್ರಿಜ್ಜೇ ಅನುಕೂಲ ಅನ್ನುವವರು ಒಂದು ಉಪಕಾರ ಮಾಡಿ. ಫೋಟೋ ಕೆಳಗೆ ಅಪರ್ಚರ್ ಇಷ್ಟು, ಐಎಸ್ಒ ಇಷ್ಟು ಅಂತ ಬರೀತೀರಲ್ಲ, ಅದರ ಪಕ್ಕದಲ್ಲೇ ಫ್ರಿಜ್ಜಿನಲ್ಲಿ ಎಷ್ಟು ನಿಮಿಷ ಅಂತಲೂ ಬರೆದುಬಿಡಿ.