ಫೋರ್ಕಿಗೆ ‘ಒಂದಿಷ್ಟು’ ಎಣ್ಣೆ ಅಂದರೆ ಎಷ್ಟು?

ರೈತನ ಬೈಕು ಪೇಟೆಯವರ ಬೈಕಲ್ಲ. ಬೆಳಿಗ್ಗೆ ಡೇರಿಗೆ ಎರಡು ಕ್ಯಾನು ಹಾಲು, ಮಧ್ಯಾಹ್ನ ಹೊಲಕ್ಕೆ ಗೊಬ್ಬರದ ಚೀಲ, ಸಂತೆ ದಿನ ಹೆಂಡತಿ, ಕೈಚೀಲ, ಕೆಲವೊಮ್ಮೆ ಒಂದು ಮೇಕೆಮರಿ. ರಸ್ತೆಯೋ, ಬಂಡಿಜಾಡು. ಎಂಜಿನ್ ಆಯಿಲನ್ನು ಲೆಕ್ಕವಿಟ್ಟು ಬದಲಿಸುವ ನಮಗೆ, ಮುಂದಿನ ಫೋರ್ಕಿನೊಳಗೂ ಎಣ್ಣೆ ಇದೆ ಎಂಬುದು ಸೀಲು ಹೋಗಿ ಸೋರುವ ತನಕ ನೆನಪಿಗೇ ಬರೋದಿಲ್ಲ. ಅದಕ್ಕೆ ನಾನು ತೆತ್ತ ದಂಡ ಹೇಳುತ್ತೇನೆ.

ನನ್ನದು 1998ರಲ್ಲಿ ಕೊಂಡ ಸ್ಪ್ಲೆಂಡರ್. 2021ರ ಜುಲೈನಲ್ಲಿ ಎಡಗಡೆ ಫೋರ್ಕು ಸೋರತೊಡಗಿತು. ಪೇಟೆಯಲ್ಲಿ ಎರಡೂ ಕಡೆ ಬಿಚ್ಚಿಸಿ ಹೊಸ ಸೀಲು ಹಾಕಿಸಿದೆ. ಮೆಕ್ಯಾನಿಕ್ ಡಬ್ಬದಿಂದ ನೇರವಾಗಿ ಎಣ್ಣೆ ಸುರಿಯುತ್ತಿದ್ದ. ‘ನಮ್ಮ ರಸ್ತೆ ಕೆಟ್ಟದೈತೆ, ಒಂದಿಷ್ಟು ಜಾಸ್ತಿನೇ ಹಾಕಪ್ಪ’ ಅಂದವನು ನಾನೇ. ‘ಆಯ್ತು ಯಜಮಾನ್ರೆ’ ಅಂತ ಅವನೂ ಸುರಿದ. ಮೊದಮೊದಲು ಗಾಡಿ ಗಟ್ಟಿಯಾಗಿತ್ತು. ನಾನು ಖುಷಿಪಟ್ಟೆ. ಹದಿನೈದು ದಿನದಲ್ಲಿ ಎಡಗಡೆ ಸೀಲು ಮತ್ತೆ ಹೋಯಿತು. ಕಳೆ ತೆಗೆಯುವ ಕಾಲ, ಪೇಟೆಗೆ ಹೋಗಲು ಬಿಡುವಿರಲಿಲ್ಲ. ಹಾಗೇ ಓಡಿಸಿದೆ. ಒಂದು ಸಂಜೆ ಸಂತೆಯಿಂದ ಬರುವಾಗ ಗುಂಡಿ ಕಂಡು ಬ್ರೇಕ್ ಹಿಡಿದೆ. ಮುಂಭಾಗ ದಡಕ್ಕನೆ ಕುಸಿದು, ಹ್ಯಾಂಡಲ್ ತಿರುಗಿ ಇಬ್ಬರೂ ಬಿದ್ದೆವು. ನನ್ನ ಹೆಂಡತಿಯ ಮುಂಗೈ ಮೂಳೆ ಮುರಿಯಿತು. ಆರು ವಾರ ಪಟ್ಟಿ. ಆ ಸಲ ಶೇಂಗಾ ಹೊಲದ ಕಳೆಗೆ ಕೂಲಿ ಕೊಟ್ಟು ಸುಸ್ತಾದೆ. ಅವಳ ಆ ಕೈ ಇವತ್ತಿಗೂ ತುಂಬಿದ ಕೊಡ ಎತ್ತುವುದಿಲ್ಲ.

ತಪ್ಪು ಯಾರದು? ಸೀಲಿನದಲ್ಲ. ‘ಒಂದಿಷ್ಟು’ ಎಂಬ ಮಾತಿನದು. ಸಾರಿಗೆ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮೂರಿನ ಹಿರಿಯರೊಬ್ಬರು ಇದನ್ನು ನನಗೆ ಬಿಡಿಸಿ ಹೇಳಿದರು.

ಫೋರ್ಕಿನಲ್ಲಿ ಭಾರ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗು ಕುಣಿಯದಂತೆ ತಡೆಯುವುದು ಎಣ್ಣೆ. ಗುಂಡಿಗೆ ಇಳಿದಾಗ, ಎದ್ದಾಗ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಬೇಕು, ಆ ತಡೆಯೇ ಅದರ ಕೆಲಸ. ಎಣ್ಣೆಯ ಮೇಲೆ ಒಂದಷ್ಟು ಗಾಳಿ ಜಾಗ ಇರುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿದು ಪಂಪು ಒತ್ತಿ ನೋಡಿ. ಮೊದಲು ಮೆತ್ತಗೆ, ಕೊನೆಗೆ ಕಲ್ಲು. ಫೋರ್ಕಿನ ಗಾಳಿಯೂ ಹಾಗೆಯೇ. ಎಣ್ಣೆ ಹೆಚ್ಚಾದರೆ ಗಾಳಿ ಜಾಗ ಕಡಿಮೆಯಾಗಿ, ದೊಡ್ಡ ಗುಂಡಿಯಲ್ಲಿ ಒತ್ತಡವೆಲ್ಲ ಸೀಲಿನ ಮೇಲೆ ಬೀಳುತ್ತದೆ. ಎಣ್ಣೆ ಕಡಿಮೆಯಾದರೆ ಒಳಗೆ ಗಾಳಿ ಬೆರೆತು ನೊರೆಯಾಗುತ್ತದೆ, ತಡೆ ಹೋಗುತ್ತದೆ, ಬ್ರೇಕ್ ಹಿಡಿದರೆ ಮುಂಭಾಗ ತಳಕ್ಕೆ ಬಡಿಯುತ್ತದೆ. ನನ್ನ ಗಾಡಿ ಎರಡನ್ನೂ ಒಂದೇ ತಿಂಗಳಲ್ಲಿ ತೋರಿಸಿತು.

ಸ್ವಲ್ಪ ಹೆಚ್ಚುಕಮ್ಮಿಗೆ ಏನಾಗುತ್ತೆ ಅನ್ನುವವರಿಗೆ ಒಂದು ಲೆಕ್ಕ. ಒಳವ್ಯಾಸ 26 ಮಿ.ಮೀ. ಇರುವ ಪೈಪಿನಲ್ಲಿ 10 ಮಿ.ಲೀ. ಎಣ್ಣೆ ಸುಮಾರು 19 ಮಿ.ಮೀ. ಎತ್ತರ ನಿಲ್ಲುತ್ತದೆ. ಅಂದರೆ ಎರಡು ಟೀ ಚಮಚ ಎಣ್ಣೆಗೆ ಗಾಳಿ ಜಾಗ ಹೆಚ್ಚುಕಡಿಮೆ ಎರಡು ಸೆಂ.ಮೀ. ಕಡಿಮೆ! ಡಬ್ಬದಿಂದ ಸುರಿಯುವ ಕೈಗೆ ಈ ಎರಡು ಚಮಚ ತಿಳಿಯುತ್ತದೆಯೇ?

ಕೆಲವರು ‘ಇಷ್ಟು ಮಿ.ಲೀ.’ ಅಂತ ಅಳೆದು ಹಾಕುತ್ತಾರೆ. ಡಬ್ಬದಿಂದ ಸುರಿಯುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಆದರೆ ಅಲ್ಲೂ ಒಂದು ಮೋಸವಿದೆ. ಹಳೇ ಎಣ್ಣೆ ಬರೀ ಬಸಿದರೆ ಒಳಗೆ ಒಂದಷ್ಟು ಅಂಟಿಕೊಂಡೇ ಇರುತ್ತದೆ. ಪೂರ್ತಿ ಬಿಚ್ಚಿ ತೊಳೆದು ಒಣಗಿಸಿದರೆ ಇರುವುದಿಲ್ಲ. ಎರಡಕ್ಕೂ ಒಂದೇ ಮಿ.ಲೀ. ಹಾಕಿದರೆ ಒಂದು ಹೆಚ್ಚು, ಇನ್ನೊಂದು ಕಡಿಮೆ. ಅದಕ್ಕೇ ಕೊನೆಯ ಮಾತು ಮಟ್ಟದ್ದು.

ಮಟ್ಟ ನೋಡುವುದು ಹೀಗೆ. ಮುಂದಿನ ಚಕ್ರ ನೆಲ ಬಿಡುವಂತೆ ಗಾಡಿಗೆ ಭದ್ರವಾಗಿ ಆಸರೆ ಕೊಟ್ಟೇ ಮೇಲಿನ ನಟ್ಟು ಬಿಚ್ಚಬೇಕು. ಸ್ಪ್ರಿಂಗು ನಟ್ಟನ್ನು ಚಿಮ್ಮಿಸುತ್ತದೆ, ಮುಖ ಬಗ್ಗಿಸಬೇಡಿ. ಸೀಮೆಎಣ್ಣೆಯಲ್ಲಿ ತೊಳೆದಿದ್ದರೆ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ಹೊಸ ಎಣ್ಣೆ ತೆಳ್ಳಗಾಗುತ್ತದೆ. ಸೀಲು ಜೋಡಿಸಿದ ಮೇಲೆ ಸ್ಪ್ರಿಂಗು ಹಾಕದೆ ಎಣ್ಣೆ ಹುಯ್ಯಿರಿ. ಪೈಪನ್ನು ನಿಧಾನವಾಗಿ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಒಳಗೆ ಸಿಕ್ಕ ಗಾಳಿ ಹೊರಡಲಿ. ಹತ್ತು ನಿಮಿಷ ಬಿಡಿ. ಆಮೇಲೆ ಮೇಲಿನ ಪೈಪನ್ನು ಕೆಳಗಿನ ಕಾಲಿನೊಳಗೆ ಪೂರ್ತಿ ಇಳಿಸಿ, ನೆಟ್ಟಗೆ ನಿಲ್ಲಿಸಿ, ಪೈಪಿನ ಬಾಯಿಯಿಂದ ಎಣ್ಣೆಯ ಮುಖದವರೆಗೆ ಅಳೆಯಿರಿ. ಒಂದು ಎಚ್ಚರ: ಈ ಅಳತೆ ಮೇಲಿನಿಂದ ಕೆಳಕ್ಕೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಕಡಿಮೆ ಎಂದರ್ಥ.

ಇದಕ್ಕೆ ದುಬಾರಿ ಉಪಕರಣ ಬೇಡ. ಮೆಡಿಕಲ್ ಶಾಪಿನ 50 ಮಿ.ಲೀ. ಸಿರಿಂಜು, ಒಂದು ಗೇಣು ಸಲೈನ್ ನಳಿಕೆ, ಒಂದು ಸೈಕಲ್ ಕಡ್ಡಿ ಸಾಕು. ನಳಿಕೆಯನ್ನು ಕಡ್ಡಿಗೆ ಕಟ್ಟಿ, ಬೇಕಾದ ಅಳತೆಗೆ ಕಡ್ಡಿಯ ಮೇಲೆ ದಾರ ಸುತ್ತಿ ಗುರುತು ಮಾಡಿ. ಎಣ್ಣೆ ತುಸು ಹೆಚ್ಚೇ ಹುಯ್ದು, ಗುರುತು ಪೈಪಿನ ಬಾಯಿಗೆ ಸರಿಯಾಗುವಂತೆ ಕಡ್ಡಿ ಇಳಿಸಿ ಸಿರಿಂಜಿನಿಂದ ಎಳೆಯಿರಿ. ನಳಿಕೆ ಗಾಳಿ ಎಳೆದಾಗ ಮಟ್ಟ ಸರಿಯಾಯಿತು. ಇನ್ನೊಂದು ಕಡೆಗೂ ಅದೇ ಕಡ್ಡಿ, ಅದೇ ಗುರುತು. ಎರಡು ಕಡೆಯೂ ಸಮ ಇರಲೇಬೇಕು.

ಮಟ್ಟದ ಅಂಕಿಯೂ ಎಣ್ಣೆಯ ದರ್ಜೆಯೂ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಆಗಬೇಕು. ಪಕ್ಕದ ಮನೆಯವನ ಬೇರೆ ಗಾಡಿಯ ಅಂಕಿ ಬೇಡ. ಕೆಲವು ಹಳೇ ಗಾಡಿಗಳ ಪುಸ್ತಕದಲ್ಲಿ ಮಿ.ಲೀ. ಮಾತ್ರ ಇರುತ್ತದೆ. ಆಗ ಒಣಗಿಸಿದ ಫೋರ್ಕಿಗೆ ಹೇಳಿದಷ್ಟು ಹುಯ್ದು, ಎಷ್ಟು ಮಟ್ಟ ಬಂತೆಂದು ಅಳೆದು ಬರೆದಿಡಿ. ಮುಂದಿನ ಸಲಕ್ಕೆ ಅದೇ ನಿಮ್ಮ ಪುಸ್ತಕ.

ಮೆಕ್ಯಾನಿಕ್‌ಗಳನ್ನು ನಾನು ಬಯ್ಯುವುದಿಲ್ಲ. ನಾವು ಕೊಡುವ ಕೂಲಿಯಲ್ಲಿ ಅರ್ಧ ಗಂಟೆ ಹೆಚ್ಚು ಕೂರುವುದು ಅವರಿಗೂ ಗಿಟ್ಟದು. ನೂರು ರೂಪಾಯಿ ಜಾಸ್ತಿ ಕೊಟ್ಟು, ‘ಅಳೆದು ಹಾಕಪ್ಪ, ನಾನು ಕಾಯ್ತೀನಿ’ ಅನ್ನೋಣ. ಸಿರಿಂಜು ನಾವೇ ಒಯ್ಯೋಣ.

ಔಷಧಿ ಹೊಡೆಯುವಾಗಲೂ ನಮ್ಮದು ಇದೇ ಚಾಳಿ. ಹುಳ ಹೆಚ್ಚೆಂದು ಇನ್ನೊಂದು ಮುಚ್ಚಳ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಅನ್ನುವ ಈ ನಂಬಿಕೆಗೆ ಒಮ್ಮೆ ಬೆಳೆ ದಂಡ, ಒಮ್ಮೆ ಮೈ ದಂಡ. ನನ್ನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಈಗ ಬಣ್ಣದಲ್ಲಿ ಫೋರ್ಕಿನ ಅಂಕಿ ಬರೆದಿದೆ. ಆ ಬರಹ ನನ್ನ ಹೆಂಡತಿಯದು, ಬರೆದದ್ದು ಎಡಗೈಯಲ್ಲಿ.